ಫ್ಯಾಕ್ಟರಿ ಬಸ್ಸಿಗಿಂತ ಮೊದಲು ಬರುವ ಟಾರ್ಚ್ ಅಜ್ಜಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಂಟಿ ಕೋಣೆಯ ಮನೆಯೊಂದರಲ್ಲಿ ಟಾರ್ಚ್ ಅಜ್ಜಿ ಮಂಚದ ಕೆಳಗೆ ತಲೆ ತೂರಿಸಿ ಕೂತಿದ್ದಾರೆ. ಅಲ್ಲಿ ಅಡಗಿರುವುದು ನಾಲ್ಕು ವರ್ಷದ ಹುಡುಗಿ. ಕೆನ್ನೆ ಊದಿ ಒಂದು ಕಣ್ಣು ಅರ್ಧ ಮುಚ್ಚಿದೆ.

"ನಿನ್ನ ಬಾಯಿ ಬೇಡ ಪುಟ್ಟಿ, ನನ್ನದೇ ನೋಡು," ಎಂದು ಟಾರ್ಚನ್ನು ಮಗುವಿನ ಕೈಗೆ ಕೊಟ್ಟು ಹಲ್ಲುದುರಿದ ಬಾಯಿ ಅಗಲಿಸುತ್ತಾರೆ. "ಎಷ್ಟು ಸೈಟ್ ಖಾಲಿ ಇದೆ ಹೇಳು?"

ಮಗು ನಗಲು ಹೋಗಿ ನೋವಿಗೆ ಮುಖ ಕಿವುಚುತ್ತದೆ. ಅಷ್ಟರಲ್ಲೇ ಆಕೆ ಹುಳುಕು ದವಡೆ ಹಲ್ಲನ್ನು ಕಂಡುಬಿಟ್ಟಿದ್ದಾರೆ.

ಈಕೆ ಸರ್ಕಾರಿ ದಂತ ಆಸ್ಪತ್ರೆಯ ಮಕ್ಕಳ ಕೋಣೆಯ ಆಯಾ. ಗುಡಿಸುವುದು, ಒರೆಸುವುದು, ಅಳುವ ಮಕ್ಕಳನ್ನು ಹಿಡಿದುಕೊಳ್ಳುವುದು ಕೆಲಸ. ಟಾರ್ಚ್ ಹಿಡಿದು ಮನೆಮನೆ ತಿರುಗಿ ಎಂದು ಯಾರೂ ಹೇಳಿಲ್ಲ. ಆದರೂ ಡ್ಯೂಟಿಗೆ ಮೊದಲು ದಿನಾ ಹತ್ತು ಹನ್ನೆರಡು ಮನೆ. ಮೊಣಕಾಲು ನೋವು ಅನ್ನುತ್ತಲೇ ಓಡುತ್ತಾರೆ. ಮಾತಾಡಿಸಬೇಕೆಂದರೆ ನಾವೂ ಹಿಂದೆ ಓಡಬೇಕು.

"ನಮ್ಮ ಕೋಣೆಗೆ ಮಕ್ಕಳು ಬರೋದೇ ಮುಖ ಊದಿದ ಮೇಲೆ. ಆ ಕುರ್ಚಿ ಅಂದ್ರೆ ಹಲ್ಲು ಕೀಳೋದು ಅಂತಾನೇ ಕಲ್ತುಬಿಟ್ಟಿವೆ. ಸಣ್ಣ ತೂತು ಇದ್ದಾಗ ತಂದ್ರೆ ಸಿಮೆಂಟ್ ತುಂಬಿ ಕಳಿಸ್ತಾರೆ. ಮೊದಮೊದಲು ಯೂನಿಫಾರಂ ಹಾಕ್ಕೊಂಡೇ ಬಂದೆ. ಬೀದಿಗೆ ಕಾಲಿಟ್ರೆ ಒಂದು ಮಗುನೂ ಇಲ್ಲ. ಪೊಲೀಸರಿಗೂ ಅಷ್ಟು ಹೆದರಲ್ಲ!"

ಈಗ ಮಗುವಿನ ಅಜ್ಜಿ ಬಿಸಿ ಬಟ್ಟೆ ಹಿಡಿದು ಬರುತ್ತಾರೆ. ಆಯಾ ಕೈ ಅಡ್ಡ ಹಿಡಿಯುತ್ತಾರೆ.

"ಬೇಡಮ್ಮಾ, ಒಳಗೆ ಕೀವಿದೆ. ಶಾಖ ಕೊಟ್ರೆ ಇನ್ನೂ ಊದುತ್ತೆ."

"ಹಾಲುಹಲ್ಲಿಗೆ ಇಷ್ಟೊಂದು ರಂಪಾನಾ? ಹೆಂಗೂ ಬೀಳೋದೇ ಅಲ್ವಾ?"

"ದವಡೆ ಹಲ್ಲು ಬೀಳೋಕೆ ಇನ್ನೂ ಆರು ವರ್ಷ ಇದೆ. ಅಲ್ಲೀವರೆಗೂ ಮಗು ಹಾಲು ಕುಡ್ಕೊಂಡೇ ಇರ್ಬೇಕಾ?"

ಬಾಗಿಲಲ್ಲಿ ಊಟದ ಡಬ್ಬಿ ಹಿಡಿದ ತಾಯಿ ನಿಂತಿದ್ದಾಳೆ. ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಗೆ ಕೆಲಸ. "ಅಕ್ಕಾ, ಈ ತಿಂಗಳು ಆಗ್ಲೇ ಎರಡು ರಜೆ ಆಗಿದೆ. ಇವತ್ತೂ ಬಸ್ ತಪ್ಪಿದ್ರೆ ಸೂಪರ್‌ವೈಸರ್ ಕೆಲಸದಿಂದ್ಲೇ ತೆಗೀತಾನೆ. ಅತ್ತೆನ್ನ ಕರ್ಕೊಂಡು ಹೋಗಿ."

ಅದಾಗದು. ತಂದೆಯೋ ತಾಯಿಯೋ ಎದುರಿಗಿಲ್ಲದೆ ಆಸ್ಪತ್ರೆಯವರು ಮಗುವಿನ ಬಾಯಿಗೆ ಕೈ ಹಾಕುವುದಿಲ್ಲ. ತಂದೆ ಲಾರಿಯಲ್ಲಿ ಎಲ್ಲೋ ದೂರವಿದ್ದಾನೆ. ಬೀದಿಯ ತುದಿಯಲ್ಲಿ ಬಸ್ಸು ಹಾರ್ನ್ ಹೊಡೆಯುತ್ತದೆ.

"ಹೋಗೋದಾದ್ರೆ ಹೋಗು, ನಾನು ಹಿಡಿಯಲ್ಲ," ಎನ್ನುತ್ತಾರೆ ಆಯಾ. "ಆದ್ರೆ ಇದು ಕಣ್ಣಿಗೆ ಏರ್ತಾ ಇದೆ. ಸಾಯಂಕಾಲದವರೆಗೆ ಕಾಯಲ್ಲ."

ತಾಯಿ ಎರಡು ಹೆಜ್ಜೆ ಓಡುತ್ತಾಳೆ. ನಿಲ್ಲುತ್ತಾಳೆ. ಬಸ್ಸು ಹೊರಟುಹೋಗುತ್ತದೆ.

ಆಯಾ ಆಗಲೇ ಫೋನ್ ಹಚ್ಚಿದ್ದಾರೆ. "ಡಾಕ್ಟ್ರಮ್ಮಾ, ತಿಂಡಿ ಆಮೇಲೆ ತಿನ್ನಿ, ಸ್ವಲ್ಪ ಬೇಗ ಬನ್ನಿ." ಎಲ್ಲರೂ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಡಾಕ್ಟರ್ ಒದ್ದೆ ಕೂದಲಲ್ಲೇ ಬಂದಿರುತ್ತಾರೆ. ಕೀವು ತೆಗೆಯುತ್ತಾರೆ, ಔಷಧಿ ಕೊಡುತ್ತಾರೆ, ಫ್ಯಾಕ್ಟರಿಗೊಂದು ಚೀಟಿ ಬರೆದುಕೊಡುತ್ತಾರೆ. ಮಗು ಜೊತೆಗೆ ಬಂದ ತನ್ನ ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋಗುತ್ತದೆ.

ತಾಯಿಯ ಜೊತೆ ಫ್ಯಾಕ್ಟರಿ ಗೇಟಿನವರೆಗೂ ಆಯಾ ಹೋಗುತ್ತಾರೆ. ಸೂಪರ್‌ವೈಸರ್ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಾನೆ. ಆಯಾ ತಮ್ಮ ಸೆರಗಿನ ತುದಿ ಸುತ್ತುತ್ತ, ಬಿಚ್ಚುತ್ತ ನಿಂತಿರುತ್ತಾರೆ. ಕೊನೆಗೆ "ಅರ್ಧ ದಿನ ಕಟ್. ಮುಂದಿನ ಸಲ ಒಳಗೆ ಬಿಡಲ್ಲ," ಎಂದು ಅವನು ಪಕ್ಕಕ್ಕೆ ಸರಿಯುತ್ತಾನೆ. ತಾಯಿ ತಿರುಗಿಯೂ ನೋಡದೆ ಒಳಗೆ ಓಡುತ್ತಾಳೆ.

"ಮುಂದಿನ ಸಲ ಅಂದ್ನಲ್ಲ, ಕೇಳಿದ್ರಾ?" ಆಯಾ ಆಸ್ಪತ್ರೆಯ ಕಡೆಗೆ ನಡೆಯುತ್ತಲೇ ಹೇಳುತ್ತಾರೆ. "ಫ್ಯಾಕ್ಟರಿ ನಡೆಯೋ ಹೊತ್ತಲ್ಲೇ ನಮ್ಮ ಬಾಗ್ಲೂ ತೆಗೆದಿರುತ್ತೆ. ಅವಳು ಯಾವಾಗ ಬರ್ಬೇಕು? ಭಾನುವಾರ ಒಂದೊಪ್ಪತ್ತು ಆ ಕೋಣೆ ತೆಗೆದ್ರೆ ಸಾಕು. ಡಾಕ್ಟ್ರಮ್ಮ ಒಪ್ಪಿದಾರೆ, ಮೇಲಿನವರು ಹೂಂ ಅನ್ಬೇಕಷ್ಟೆ. ನಂಗೆ ಬೇಕಾದ್ರೆ ಸೋಮವಾರ ರಜೆ ಕೊಡ್ಲಿ. ಮಕ್ಕಳನ್ನ ಮಂಚದ ಕೆಳಗಿಂದ ಎಬ್ಬಿಸ್ಕೊಂಡು ಬರೋದು ನನಗೆ ಬಿಡ್ಲಿ."