ಅಂಡರ್‌ಕಟ್‌ಗೆ ಇಟಾಲಿಯನ್ನಿನಲ್ಲಿ ಏನನ್ನುತ್ತಾರೆ?

ಒಂದು ಬಾಕ್ಸ್ ಟೊಮೇಟೊ ಅಗ್ಗಕ್ಕೆ ಸಿಕ್ಕಿತೆಂದು ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ಈ ಮನೆಯಲ್ಲಿ ಗೊಜ್ಜು ಕುದಿಸುತ್ತಿದ್ದೇನೆ. ಟೊಮೇಟೊ ಹೀಗೆ ರಾಶಿಯಾಗಿ ಕುದಿಯುವಾಗ ಏಳುವ ಹುಳಿ ಹಬೆ ಮೂಗಿಗೆ ಹೊಡೆದರೆ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎನ್ನುತ್ತೀರಾ? ಕೊಂಚೆತ್ತಾ ಎಂಬ ಇಟಾಲಿಯನ್ ಮುದುಕಿಯ ಮೇಲೆ. ಎಷ್ಟು ಹಳೆಯ ಸಿಟ್ಟೆಂದರೆ, ಅದೀಗ ಕಥೆಯೇ ಆಗಿದೆ. ಮನೆಗೆ ಬಂದವರಿಗೆಲ್ಲ ಹೇಳಿ ನಗಿಸುತ್ತೇನೆ. ಅಷ್ಟು ಸಲ ಹೇಳಿ ನುಣುಪಾದ ನೆನಪನ್ನು ನಂಬಬಾರದು. ಆದರೂ ಕೇಳಿ.

ಎರಡು ಸಾವಿರದ ದಶಕದ ನಡುಭಾಗ. ನಾವಾಗ ಮೆಲ್ಬರ್ನಿನಲ್ಲಿದ್ದೆವು. ನಾನು ಒಂದು ಜಾಹೀರಾತು ಕಂಪನಿಯ ಪುಟ್ಟ ಶಾಖೆಯಲ್ಲಿದ್ದೆ. ಬಾಸ್ ಗ್ಯಾರಿ ಸಿಡ್ನಿಯಲ್ಲಿ ಕೂತು ಫೋನಿನಲ್ಲೇ ಆಳುತ್ತಿದ್ದ. ನಮ್ಮ ಸಬರ್ಬಿನಲ್ಲಿ ದೊಡ್ಡದೊಂದು ಗೃಹೋಪಯೋಗಿ ಮಳಿಗೆ ತೆರೆಯುವುದಿತ್ತು. ಅಲ್ಲಿನ ಇಟಾಲಿಯನ್ನರು ಬೇಸಿಗೆಯ ಕೊನೆಗೆ ಮನೆಮಂದಿಯೆಲ್ಲ ಸೇರಿ ಟೊಮೇಟೊ ಅರೆದು, ಕುದಿಸಿ, ವರ್ಷಕ್ಕಾಗುವಷ್ಟು ಸಾಸ್ ಬಾಟಲಿಗೆ ತುಂಬುತ್ತಾರೆ. ಆ ಬಾಟಲಿ, ಮುಚ್ಚಳ, ಅರೆಯುವ ಯಂತ್ರಗಳನ್ನು ಎಲ್ಲರಿಗಿಂತ ಕಡಿಮೆಗೆ ಕೊಡುತ್ತೇವೆಂದು ಮಳಿಗೆಯವರಿಗೆ ಇಟಾಲಿಯನ್ನಿನಲ್ಲೇ ಪೋಸ್ಟರ್ ಬೇಕಂತೆ. 'ವಿ ಅಂಡರ್‌ಕಟ್ ಎವ್ರಿಒನ್.'

"ನಿಮಗೆ ಇಂಡಿಯನ್ಸ್‌ಗೆ ಐದಾರು ಭಾಷೆ ಬರುತ್ತಲ್ಲ, ಇದೊಂದು ಸೇರಿಸ್ಕೊ" ಎಂದ ಗ್ಯಾರಿ.

ತುಳು, ಕನ್ನಡ, ಹಿಂದಿ ಬಂದರೆ ಇಟಾಲಿಯನ್ ತಾನಾಗಿ ಬರುತ್ತದೆಂಬ ಈ ನಂಬಿಕೆಯ ಎದುರು ಏನು ಹೇಳುತ್ತೀರಿ? ನಿಘಂಟು ತಂದೆ. ಅಂಡರ್‌ಕಟ್ ಎಂಬ ಒಂದು ಪದಕ್ಕೆ ಅದರಲ್ಲಿ ಮೆರವಣಿಗೆಯಷ್ಟುದ್ದದ ವಿವರಣೆ.

"ಎಂತ ಮಾರಾಯ್ತಿ, ಕನ್ನಡದಲ್ಲೇ ಇದಕ್ಕೊಂದು ಶಬ್ದ ಇಲ್ಲ" ಎಂದರು ನನ್ನ ಉಡುಪಿಯ ಗಂಡ. "ಇನ್ನೊಬ್ಬರ ಹೊಟ್ಟೆ ಮೇಲೆ ಹೊಡೆಯುವುದು ಅಂತ ಹಾಕು, ಸರಿ ಆಗ್ತದೆ."

ಇಟಾಲಿಯನ್ ಬಲ್ಲವರಲ್ಲಿ ನನಗೆ ಗುರುತಿದ್ದದ್ದು ಕೊಂಚೆತ್ತಾ ಒಬ್ಬಳೇ. ತೊಂದರೆಯೆಂದರೆ, ಅವಳದೂ ಆ ಹೊಸ ಮಳಿಗೆಯ ರಸ್ತೆಯಲ್ಲೇ ಅದೇ ಬಾಟಲಿ, ಅದೇ ಯಂತ್ರಗಳ ಅಂಗಡಿ. ಸಾಸ್ ಕಾಲದ ವ್ಯಾಪಾರದಲ್ಲೇ ವರ್ಷದ ರೆಂಟ್ ಹುಟ್ಟಬೇಕಿತ್ತು. ಆ ಒಂದು ಕಾಲ ತಪ್ಪಿದರೆ ಅಂಗಡಿಯಿಲ್ಲ. ಹೋದವಳೇ, ಇದು ಎದುರಿನ ಹೊಸ ಮಳಿಗೆಗೆ ಎಂದು ಹೇಳಿಬಿಟ್ಟೆ.

"ಗೊತ್ತು. ಕೂತ್ಕೋ, ಕಾಫಿ ಕುಡಿ."

"ಆಂಟಿ, ನಿಮಗೆ ಬೇಜಾರಿಲ್ವಾ?"

"ನಾನು ನಿನ್ನ ಆಂಟಿ ಅಲ್ಲ. ನೀನು ಬರ್ಕೊಂಡು ಬಂದಿರೋದು ನೋಡಿದರೆ ಬೇಜಾರು."

ಕಷ್ಟ ಶುರುವಾದದ್ದು ಅಲ್ಲಿಂದ. ನಾನು 'ಸೊತ್ತೊಕೋಸ್ತೊ' ಎಂದರೆ, ಅದು ಅಸಲಿಗಿಂತ ಕಡಿಮೆಗೆ ಮಾರುವುದು, ಆ ಮಳಿಗೆಯವರು ಅಷ್ಟು ಪೆದ್ದರಲ್ಲ ಎಂದಳು. 'ಸ್ವೆಂದಿತಾ' ಎಂದರೆ, ಅದು ಅಂಗಡಿ ಖಾಲಿ ಮಾಡುವವರು ಬರೆಯುವುದು, ಅವರು ಈಗಷ್ಟೇ ತೆರೆಯುತ್ತಿದ್ದಾರೆ ಎಂದಳು. ಬೆಲೆಯನ್ನು 'ಹೊಡೆಯುತ್ತೇವೆ' ಎಂದರೆ, ಸಾಸ್ ಮಾಡುವ ಅಜ್ಜಿಯರ ಮುಂದೆ ಹೊಡೆದಾಟದ ಮಾತೇಕೆ ಎಂದಳು. ವಾರ ಕಳೆದು ಮತ್ತೊಂದು ವಾರ ಬಂತು. ಗ್ಯಾರಿ ಫೋನಿನಲ್ಲಿ ಕೂಗಾಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ನಿಮ್ಮನ್ನು ಮುಳುಗಿಸುವ ಪೋಸ್ಟರಿಗೆ ಇಷ್ಟು ನಾಜೂಕು ಯಾಕೆ, ಬಾಯಿಗೆ ಬಂದದ್ದು ಹೇಳಿಬಿಡಿ ಎಂದೆ. ಅವಳು ಮುಚ್ಚಳಗಳನ್ನು ಎಣಿಸುತ್ತಲೇ ಇದ್ದಳು.

ಒಂದು ಸಂಜೆ ಸಾಲು ಕೊಟ್ಟಳು. 'ತ್ರೊವಾತೆ ದಿ ಮೆಲ್ಯೊ? ದಿತೆಚೆಲೊ.' ಇದಕ್ಕಿಂತ ಒಳ್ಳೆಯ ಬೆಲೆ ಸಿಕ್ಕಿತೇ? ನಮಗೆ ಬಂದು ಹೇಳಿ. ಇಷ್ಟೇ. ಎಷ್ಟು ಸಲೀಸು! ಸಿಡ್ನಿಗೆ ಕಳಿಸಿ ನಿದ್ದೆ ಮಾಡಿದೆ.

ಪೋಸ್ಟರ್ ಅಚ್ಚಾಗುವ ಮೊದಲೇ ಆ ಸಾಲು ಅವಳ ಅಂಗಡಿಯ ಗಾಜಿನ ಮೇಲಿತ್ತು. ಬಿಳಿ ಬಣ್ಣ, ದಪ್ಪ ಅಕ್ಷರ. ಕಥೆ ಹೇಳುವಾಗ ನಾನು ಅವಳ ಕೈಗೆ ಬ್ರಷ್ ಕೊಟ್ಟು, ಏಣಿ ಹತ್ತಿಸಿ, ನನ್ನತ್ತ ಕಣ್ಣು ಮಿಟುಕಿಸುವಂತೆ ಮಾಡುತ್ತೇನೆ. ನಿಜದಲ್ಲಿ ನಾನು ನೋಡಿದ್ದು ಬರೆದು ಒಣಗಿದ ಗಾಜು ಮಾತ್ರ. ಗ್ಯಾರಿ ಕಿರುಚಿದ. ಮಳಿಗೆಯವರು ಇಟಾಲಿಯನ್ ಪೋಸ್ಟರನ್ನೇ ಕೈಬಿಟ್ಟರು. ಇನ್ನು ಆ ಕಂಪನಿಯಲ್ಲಿ ಉಳಿಯುವಂತಿರಲಿಲ್ಲ; ನಾನು ಬೇರೆ ಕೆಲಸ ಹುಡುಕಿಕೊಂಡು ಆ ತಿಂಗಳೇ ಸಿಡ್ನಿಗೆ ಬಂದೆ. ಮುದುಕಿ ಗೆದ್ದಳು ಎನ್ನುವಲ್ಲಿ ಎಲ್ಲರೂ ನಗುತ್ತಾರೆ.

ಇವತ್ತು ಮಗಳು ನಗಲಿಲ್ಲ. ಈರುಳ್ಳಿ ಹೆಚ್ಚುತ್ತಾ, "ಸೋ ಡಿಡ್ ಇಟ್ ವರ್ಕ್?" ಎಂದಳು.

ನಾನದನ್ನು ಕೇಳಿಯೇ ಇರಲಿಲ್ಲ! ಕ್ರಿಸ್‌ಮಸ್‌ಗೊಮ್ಮೆ ಕೊಂಚೆತ್ತಾ ಮತ್ತು ನಾನು ಫೋನಿನಲ್ಲಿ ಮಾತಾಡುತ್ತೇವೆ, ಮಂಡಿನೋವು, ಮೊಮ್ಮಕ್ಕಳು. ವಯಸ್ಸಾಯಿತು, ಅಂಗಡಿ ಮುಚ್ಚಿದೆ ಎಂದಿದ್ದಳು, ನಂಬಿದ್ದೆ. ಒಲೆ ಸಣ್ಣಗೆ ಮಾಡಿ ಫೋನ್ ಹಚ್ಚಿದೆ.

"ಬಂದರು, ಎಲ್ಲರೂ ಬಂದರು" ಎಂದಳು ಕೊಂಚೆತ್ತಾ. "ಗಾಜಿನ ಮುಂದೆ ನಿಂತು ಓದಿದರು. ಎಷ್ಟು ಚೆನ್ನಾಗಿದೆ ಅಂದರು. ಆಮೇಲೆ ಆ ಕಡೆ ಹೋಗಿ ಬಾಟಲಿ ತಗೊಂಡರು."

"ಅಲ್ಲಿ ಕಡಿಮೆಗೆ ಸಿಕ್ತು ಅಂತ ಬಂದು ಹೇಳಿದ್ರೆ ನೀವೂ ಇಳಿಸ್ತಿದ್ರಲ್ಲ?"

"ಇಳಿಸ್ತಿದ್ದೆ. ಆದರೆ ಯಾರು ಬಂದು ಹೇಳ್ತಾರೆ? ನನ್ನ ಮದುವೆಗೆ ಬಂದವರು, ನನ್ನ ಗಂಡನನ್ನು ಮಣ್ಣು ಮಾಡೋಕೆ ಬಂದವರು. ಅವರಿಗೆ ನಾಚಿಕೆ. ಕೊಂಡ ಮೇಲೆ ನನ್ನ ಬಾಗಿಲ ಕಡೆಗೇ ಬರಲಿಲ್ಲ. ಆ ವರ್ಷ ರೆಂಟ್ ಹುಟ್ಟಲಿಲ್ಲ." ಆಮೇಲೆ, "ನೀನು ಹೇಗಿದ್ದೀ?" ಎಂದಳು.

ಫೋನ್ ಇಟ್ಟೆ. ಇಷ್ಟು ವರ್ಷ ಆ ಮುದುಕಿಯ ಮೇಲೆ ಹೊರಿಸಿದ್ದ ಸಿಟ್ಟನ್ನು ಈಗ ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ.

"ವಾಟ್ ಡಿಡ್ ಶಿ ಸೇ?"

"ಆ ವರ್ಷವೇ ಅಂಗಡಿ ಹೋಯ್ತಂತೆ" ಎಂದೆ.