ಅಣ್ಣಪ್ಪ ತಮ್ಮಪ್ಪನ ಕಲ್ಲಿಗೆ ಎಣ್ಣೆ

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ, ಶಾಪ, ಮಾಟ ಅಂತ ಬಾಯಿ ಬಿಡುವವಳಲ್ಲ. ಸಿರಾದಲ್ಲಿ ಹುಟ್ಟಿ ಬೆಳೆದು, ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಯಾರದಾದರೂ ಮೈಮೇಲೆ ದೇವರು ಬಂದರೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದವಳು. ಈಗಲೂ ನಗು ಬರುತ್ತದೆ. ಒಂದು ಕಲ್ಲಿನ ವಿಷಯದಲ್ಲಿ ಮಾತ್ರ ಬರುವುದಿಲ್ಲ. ಇದನ್ನು ನೀವು ನಂಬಲೇಬೇಕು ಅಂತೇನೂ ಇಲ್ಲ. ನಂಬಬೇಕಾಗಿದ್ದವಳೇ ನಂಬಲಿಲ್ಲ.

ಎಪ್ಪತ್ತರ ದಶಕದಲ್ಲಿ ನನ್ನನ್ನು ಮಿಡಿಗೇಶಿ ಬೆಟ್ಟದ ಆಚೆಯ ಒಂದು ಹಳ್ಳಿಗೆ ಕೊಟ್ಟರು. ಮನೆಯಲ್ಲಿ ಅತ್ತೆ, ಭಾವ, ಭಾವನ ಹೆಂಡತಿ, ಮತ್ತೆ ನಮ್ಮವರು. ಭಾವನ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಪಾವಗಡದ ಕಡೆಯವಳು. ಸಿಟ್ಟು ಬಂದರೆ ತೆಲುಗಿನಲ್ಲಿ ಬೈಯುವಳು, ಸಿಟ್ಟು ಇಳಿದ ಮೇಲೆ ಕೂರಿಸಿಕೊಂಡು ನನ್ನ ತಲೆ ಬಾಚುವಳು. ಆ ಮನೆಯಲ್ಲಿ ನನಗೆ ತಾಯಿ ಇದ್ದಂತೆ ಇದ್ದವಳು ಅವಳೊಬ್ಬಳೇ.

ಊರಾಚೆ ದಿಣ್ಣೆಯ ಮೇಲೆ ಒಂದು ವೀರಗಲ್ಲು. ಕತ್ತಿ ಹಿಡಿದು ನಿಂತ ಇಬ್ಬರು, ಅವರ ಕಾಲಡಿಯಲ್ಲಿ ದನಗಳ ಸಾಲು. ಊರವರು ಅಣ್ಣಪ್ಪ ತಮ್ಮಪ್ಪ ಅನ್ನುತ್ತಾರೆ. ನಮ್ಮ ಮನೆತನದ ಮೂಲಪುರುಷರಂತೆ. ಬಡಗಲಿಂದ ದನ ಹೊಡೆದುಕೊಂಡು ಬಂದ ಈ ಅಣ್ಣತಮ್ಮಂದಿರಿಗೆ ಸೋದರಮಾವ ಅನ್ನ ಹಾಕಿ ಇಟ್ಟುಕೊಂಡನಂತೆ. ಇವರು ಆ ಮಾವನನ್ನೇ ಕಡಿದು, ಅವನ ನೆಲದಲ್ಲೇ ಮಣ್ಣಿನ ಕೋಟೆ ಹಾಕಿ, ಪಾಳೆಯಪಟ್ಟು ಕಟ್ಟಿದರಂತೆ. ನಿಮ್ಮ ವಂಶದಲ್ಲಿ ಅಣ್ಣನಿಗೆ ತಮ್ಮನೇ ಮೃತ್ಯು, ತಮ್ಮನಿಗೆ ಅಣ್ಣನೇ ಮೃತ್ಯು ಅಂತ ಮಾವ ಸಾಯುವಾಗ ಶಪಿಸಿದನಂತೆ. ರಾಜ್ಯ ಕಟ್ಟಿದವರ ಕಥೆ ಅಂತ ಅತ್ತೆ ಹೆಮ್ಮೆಯಿಂದ ಹೇಳುತ್ತಿದ್ದರು. ನನಗಂತೂ ಉಂಡ ಮನೆಗೆ ಕೇಡು ಬಗೆದವರ ಕಥೆ ಅಂತಲೇ ಅನ್ನಿಸುತ್ತಿತ್ತು.

ಆ ಶಾಪ ತಟ್ಟದಿರಲೆಂದು ವೀರರ ಹೆಂಡತಿಯರೇ ಒಂದು ಕಟ್ಟಳೆ ಮಾಡಿಟ್ಟಿದ್ದರು. ಯುಗಾದಿಯ ಬೆಳಿಗ್ಗೆ, ಮನೆಯವರು ಎಣ್ಣೆ ನೀರು ಹಾಕಿಕೊಳ್ಳುವ ಮೊದಲು, ಸೊಸೆಯರು ಹೋಗಿ ಕಲ್ಲಿಗೆ ಹರಳೆಣ್ಣೆ ಹಚ್ಚಬೇಕು. ಹಿರಿಸೊಸೆ ತಮ್ಮಪ್ಪನಿಗೆ, ಕಿರಿಸೊಸೆ ಅಣ್ಣಪ್ಪನಿಗೆ. ತನ್ನ ಗಂಡನ ಪಾಲಿನ ವೀರನನ್ನು ಯಾರೂ ಮುಟ್ಟುವಂತಿಲ್ಲ. ನನ್ನ ಗಂಡನನ್ನು ನೀನು ಕಾಯಿ, ನಿನ್ನ ಗಂಡನನ್ನು ನಾನು ಕಾಯುತ್ತೇನೆ ಅಂತ ಅದರ ಅರ್ಥ. ಶಾಪ ಗೀಪ ನಂಬದಿದ್ದರೂ ಈ ಕಟ್ಟಳೆ ನನಗೆ ಇಷ್ಟವಾಗಿತ್ತು. ಅಕ್ಕ, ನಾನು ನಗುನಗುತ್ತಾ ಹೋಗಿ ಹಚ್ಚಿ ಬರುತ್ತಿದ್ದೆವು.

ಬಾವಿಗೆ ಪಂಪ್‌ಸೆಟ್ ಬಂದದ್ದೇ ಬಂತು, ಮನೆ ಒಡೆಯಿತು. ಹೊಲ ಪಾಲಾಯಿತು, ಬಾವಿ ಪಾಲಾಗಲಿಲ್ಲ. ಮೊದಲು ಯಾರು ನೀರು ಹಾಯಿಸಬೇಕು ಅಂತ ದಿನಾ ಬೆಳಗಾದರೆ ಜಗಳ. ಆ ವರ್ಷ ಯುಗಾದಿಯ ಹಿಂದಿನ ಸಂಜೆ ಭಾವ ಜಗಲಿಯಲ್ಲಿ ಕೂತು, ನಮಗೆ ಕೇಳಿಸಲೆಂದೇ, ಮಚ್ಚು ಮಸೆದರು.

"ನಾಳೆ ಬಾವಿತಾವ ಬರ್ಲಿ ಅವ್ನು. ಒಂದು ಅವ್ನಿರ್ಬೇಕು, ಇಲ್ಲ ನಾನಿರ್ಬೇಕು" ಅಂದರು. ಆಮೇಲೆ ಒಳಗಿದ್ದ ಅಕ್ಕನಿಗೆ, "ಲೇ, ಅವ್ಳ ಜೊತೆ ಆ ಕಲ್ಲಿನ್ತಾವ ಹೋದ್ಯೋ, ಕಾಲ್ ಮುರ್ದ್ಬುಡ್ತೀನಿ" ಅಂದರು.

ಬೆಳಕು ಹರಿಯುತ್ತಲೇ ನಾನು ಒಬ್ಬಳೇ ದಿಣ್ಣೆ ಹತ್ತಿದೆ. ನಂಬಿಕೆಯಿಂದಲ್ಲ, ಹೆದರಿಕೆಯಿಂದ. ವೀರರಿಬ್ಬರ ಮೇಲೂ ವರ್ಷದ ಧೂಳು ಕೂತಿತ್ತು. ಭಾವನ ಮೇಲೆ ನನಗೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ? ಆದರೆ ಎಣ್ಣೆಯಲ್ಲಿ ನಾನು ಕಡಿಮೆ ಮಾಡಲಿಲ್ಲ. ಬಟ್ಟೆ ಅದ್ದಿ ಅದ್ದಿ ಅಣ್ಣಪ್ಪನ ಹಣೆ, ಎದೆ, ಕತ್ತಿ ಹಿಡಿದ ತೋಳು ಎಲ್ಲವನ್ನೂ ತಿಕ್ಕಿದೆ. ತೊಳೆದ ಎಮ್ಮೆಯ ಮೈಯ ಹಾಗೆ ಕಲ್ಲು ಮಿಂಚಿತು. ಕುಂಕುಮ ಇಟ್ಟು, ಎಣ್ಣೆ ಬಟ್ಟೆಯನ್ನು ಕಲ್ಲಿನ ಬುಡದಲ್ಲೇ ಬಿಟ್ಟು, ಬಿಸಿಲೇರುವ ತನಕ ಅಕ್ಕನ ದಾರಿ ನೋಡಿದೆ. ಅವಳು ಬರಲಿಲ್ಲ. ತಮ್ಮಪ್ಪ ಧೂಳು ಹಿಡಿದೇ ನಿಂತಿದ್ದ. ನಾನು ಮುಟ್ಟುವಂತಿರಲಿಲ್ಲ. ಅಳುತ್ತಾ ಇಳಿದು ಬಂದೆ.

ಮಧ್ಯಾಹ್ನದ ಹೊತ್ತಿಗೆ ಬಾವಿಯ ಕಡೆಯಿಂದ ಕೂಗು ಕೇಳಿಸಿತು. ಇಬ್ಬರೂ ಕಟ್ಟೆಯ ಮೇಲೆ ಕೈ ಕೈ ಮಿಲಾಯಿಸಿ, ಒಬ್ಬರನ್ನೊಬ್ಬರು ಹಿಡಿದುಕೊಂಡೇ ಒಳಕ್ಕೆ ಬಿದ್ದಿದ್ದರು. ನಮ್ಮವರನ್ನು ಹಗ್ಗ ಬಿಟ್ಟು ಎಳೆದುಕೊಂಡರು. ಭಾವನ ತಲೆ ಬಂಡೆಗೆ ಬಡಿದು ಜೀವ ಹೋಗಿತ್ತು. ಯಾರು ಯಾರನ್ನು ತಳ್ಳಿದರೆಂದು ನಮ್ಮವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೆಣ ಅಂಗಳಕ್ಕೆ ಬಂದದ್ದೇ ತಡ, ಅತ್ತೆ ತಲೆಗೂದಲು ಕೆದರಿಕೊಂಡು ದಿಣ್ಣೆಯ ಕಡೆ ಓಡಿದರು. ಹೆಂಗಸರೆಲ್ಲ ಹಿಂದೆ ಓಡಿದೆವು. ಅಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ. ನಾನು ಮುಟ್ಟದ ತಮ್ಮಪ್ಪ ಅಡಿಯಿಂದ ಮುಡಿಯವರೆಗೆ ಎಣ್ಣೆಯಲ್ಲಿ ಮಿಂಚುತ್ತಿದ್ದ. ನಾನು ಹಚ್ಚಿದ್ದ ಅಣ್ಣಪ್ಪ ಒಣಗಿದ್ದ. ಧೂಳು ಧೂಳಾಗಿಯೇ ಇತ್ತು, ಕುಂಕುಮದ ಗುರುತೂ ಇರಲಿಲ್ಲ. ಹರಳೆಣ್ಣೆ ಅಂದರೆ ಗೊತ್ತಲ್ಲ, ಹಚ್ಚಿದರೆ ವಾರವಾದರೂ ಜಿಡ್ಡು ಬಿಡುವುದಿಲ್ಲ. ನಾನು ಅಣ್ಣಪ್ಪನ ಎದೆ ಸವರಿ ನೋಡಿದೆ. ಅಂಗೈಗೆ ಮಣ್ಣು ಬಂತು. ನನ್ನ ಎಣ್ಣೆ ಬಟ್ಟೆ ಕಲ್ಲಿನ ಬುಡದಲ್ಲಿ ಹಾಗೇ ಬಿದ್ದಿತ್ತು, ಹಿಂಡಿದರೆ ತೊಟ್ಟಿಕ್ಕುವ ಹಾಗಿತ್ತು.

"ನಿನ್ ಗಂಡನ್ನ ನೀನೇ ಕಾಯ್ಕಂಡ್ಬುಟ್ಟೆ ಅಲ್ವೇನೇ?" ಅಂತ ಅತ್ತೆ ಎಲ್ಲರೆದುರು ಕೂಗಿದರು. ಇಲ್ಲ ಅಂದೆ, ಆಣೆ ಇಟ್ಟೆ. ಬಟ್ಟೆ ನನ್ನದು, ಎಣ್ಣೆ ನನ್ನ ಕೈಯಲ್ಲಿ, ಗಂಡ ಉಳಿದದ್ದು ನನ್ನವನು. ನನ್ನ ಮಾತು ಯಾರು ಕೇಳುತ್ತಾರೆ? ಅಕ್ಕ ಒಂದು ಮಾತೂ ಬೈಯಲಿಲ್ಲ, ತೆಲುಗಿನಲ್ಲಿ ಕೂಡ ಬೈಯಲಿಲ್ಲ. ತಿಥಿ ಮುಗಿಸಿಕೊಂಡು ತವರಿಗೆ ಹೊರಟುಹೋದಳು.

ಎಂಬತ್ತರ ದಶಕದಲ್ಲಿ ಅವಳು ಹಾಸಿಗೆ ಹಿಡಿದಿದ್ದಾಳೆಂದು ಸುದ್ದಿ ಬಂತು. ಮಿಡಿಗೇಶಿಗೆ ಬಂದು ಪಾವಗಡದ ಬಸ್ಸು ಹತ್ತಿದೆ. ನಡುಮನೆಯಲ್ಲಿ ಮಲಗಿದ್ದಳು, ಮೂಳೆ ಚಕ್ಕಳವಾಗಿದ್ದಳು. ನನ್ನನ್ನು ಕಂಡು ಪಕ್ಕದಲ್ಲಿ ಕೂರೆಂದಳು.

"ಆವತ್ತು ನಾನೂ ಬಂದಿದ್ದೆ ಕಣಮ್ಮ. ನಿನ್ ಜೊತೆ ಕಂಡ್ರೆ ನಮ್ಮೋರು ಸುಮ್ಕೆ ಬುಡ್ತಿರ್ಲಿಲ್ಲ ಅಂತ, ತಂಗಡಿ ಗಿಡದ್ ಮರೇಲಿ ಕುಂತಿದ್ದೆ. ನಿನ್ ಬೆನ್ನು ಮಾತ್ರ ಕಾಣ್ತಿತ್ತು. ನೀನು ಇಳ್ದೇಟ್ಗೆ ಬಂದು ನೋಡ್ತೀನಿ, ನಮ್ಮೋರ್ದು ಒಣಗಿ ನಿಂತೈತೆ. ನನ್ ಕೈಯಾಗೆ ಎಣ್ಣೆ ಐತೆ. ಮುಟ್ಟಂಗಿಲ್ವಲ್ಲ! ನಿನ್ ಗಂಡಂಗೆ ಹಚ್ಬುಟ್ಟು ಮನೆಗೆ ಬಂದೆ."

ತನ್ನ ಗಂಡನ ವೀರ ಕಣ್ಣೆದುರೇ ಒಣಗಿ ನಿಂತಿದ್ದರೂ, ಇವಳು ನನ್ನ ಗಂಡನಿಗೆ ಎಣ್ಣೆ ಹಚ್ಚಿ ಬಂದಿದ್ದಳು. ಅವಳ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ.

"ಅಳ್ಬ್ಯಾಡ. ಯಾಕ್ ಹಚ್ಚಲಿಲ್ಲ ಹೇಳ್ಬುಡು ಸಾಕು. ಸಿಟ್ಟಿತ್ತು ಅನ್ನು, ಒಪ್ಕಂತೀನಿ. ನನ್ ಎದೆ ಹಗುರಾಗ್ತದೆ."

"ಹಚ್ಚಿದ್ದೆ ಅಕ್ಕಾ."

ನನ್ನ ಮುಖವನ್ನೇ ನೋಡಿದಳು. "ಈಗ್ಲೂನಾ?" ಅಂದಳು. ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಹೊರಡುವಾಗಲೂ ಈ ಕಡೆ ತಿರುಗಲಿಲ್ಲ. ಆ ತಿಂಗಳೇ ತೀರಿಕೊಂಡಳು.

ತಮ್ಮಪ್ಪನ ಮೈಮೇಲಿನ ಎಣ್ಣೆ ಎಲ್ಲಿಂದ ಬಂತೆಂದು ಈಗ ನನಗೆ ಗೊತ್ತು. ನಾನು ಹಚ್ಚಿದ ಎಣ್ಣೆ ಎಲ್ಲಿಗೆ ಹೋಯಿತೆಂದು ಗೊತ್ತಿಲ್ಲ. ನನಗೇ ತಲೆ ಕೆಟ್ಟಿತ್ತೋ ಏನೋ ಅಂತಲೂ ಯೋಚಿಸಿದ್ದೇನೆ. ಆದರೆ ತಿಕ್ಕುವಾಗ ಅಣ್ಣಪ್ಪನ ಕಲ್ಲುಕತ್ತಿಯ ಅಂಚು ತರಚಿದ ಗುರುತು ನನ್ನ ಬೆರಳಿನ ಮೇಲೆ ಈಗಲೂ ಇದೆ. ಸಿಟ್ಟಿಗೆ ಹಚ್ಚಲಿಲ್ಲ ಅಕ್ಕಾ, ತಪ್ಪಾಯಿತು ಅಂದಿದ್ದರೆ ಅವಳು ನನ್ನ ತಲೆ ಸವರಿ, ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಿದ್ದಳು. ಆ ಮಾತು ನನ್ನ ಬಾಯಿಗೆ ಬರಲಿಲ್ಲ. ಹಚ್ಚಿದ್ದೆನಲ್ಲ.