ರೇಣುಕಾಗೆ ಬೆನ್ನು ಮಾಡಿ ಕೂತ ಭಾನುವಾರಗಳು

"ಮೇಡಂ, ಸಿಟ್ಟಾಗಬ್ಯಾಡ್ರಿ. ನೀವು ಆ ಕಡಿ ಮಾರಿ ಮಾಡಿ ಕೂಡ್ರಿ" ಎಂದಳು ರೇಣುಕಾ.

ಆ ಕಡೆ ಅಂದರೆ ಗೋಡೆಯ ಕಡೆ. ನಾನು ಅವಳಿಗೆ ಪಾಠ ಹೇಳಲು ಹೋದವಳು.

ಹೆಬ್ಬಗೋಡಿಯಲ್ಲಿ ಅವಳು ಗೆಳತಿ ಸಾವಿತ್ರಿಯ ಜೊತೆ ಬಾಡಿಗೆಗಿರುವ ರೂಮಿಗೆ ಭಾನುವಾರ ಹೋಗಿ ಗಣಿತ ಹೇಳಿಕೊಡುತ್ತಿದ್ದೆ. ರೇಣುಕಾ ಕೊಪ್ಪಳದ ಕಡೆಯ ಹುಡುಗಿ, ಜಿಗಣಿಯ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಎಸ್ಸೆಸ್ಸೆಲ್ಸಿಯಲ್ಲಿ ಉಳಿದದ್ದು ಗಣಿತ ಒಂದೇ. ಅದು ಪಾಸಾದರೆ ಐಟಿಐ, ಇಲ್ಲದಿದ್ದರೆ ಅದೇ ಪ್ಯಾಕಿಂಗ್ ಟೇಬಲ್.

ನನ್ನ ಎದುರಿಗೆ ಅವಳ ಲೆಕ್ಕಗಳೆಲ್ಲ ಸರಿಬರುತ್ತಿದ್ದವು. ಬಿಡಿಸಿಡು ಎಂದು ಕೊಟ್ಟುಬಂದ ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಪ್ರತಿ ಸಲ ಫೇಲ್.

ಕಾರಣ ಕಂಡುಹಿಡಿದದ್ದು ಅವಳೇ... ಚಿಹ್ನೆ ತಪ್ಪಿದ ಕೂಡಲೇ ನನ್ನ ಹುಬ್ಬು ಮೇಲೇರುತ್ತದಂತೆ. ಅದನ್ನು ನೋಡಿ ಅವಳು ಪ್ಲಸ್ ಇದ್ದದ್ದನ್ನು ಮೈನಸ್ ಮಾಡುತ್ತಾಳಂತೆ.

"ಪರೀಕ್ಷಾದಾಗ ನಿಮ್ಮ ಹುಬ್ಬು ಇರಂಗಿಲ್ಲಲ್ರೀ?"

ಗೋಡೆಯ ಕಡೆ ತಿರುಗಿ ಕೂತೆ.

ಪೆನ್ಸಿಲ್ ಸದ್ದು ಸ್ವಲ್ಪ ಹೊತ್ತು ಬರುತ್ತದೆ, ನಿಲ್ಲುತ್ತದೆ. "ಮೇಡಂ..." ಎನ್ನುತ್ತಾಳೆ, ಮುಂದಿನ ಮಾತನ್ನು ನುಂಗಿಕೊಳ್ಳುತ್ತಾಳೆ.

"ಕೇಳೇ ಬಿಡವಾ, ಎಷ್ಟ್ ಒದ್ದಾಡ್ತಿ" ಎಂದು ಒಲೆಯ ಬಳಿಯಿಂದ ಸಾವಿತ್ರಿ ಕಾಡಿಸುತ್ತಾಳೆ.

"ನೀ ಮೊದ್ಲ ರೊಟ್ಟಿ ನೋಡು, ಹೊತ್ತಾಕತ್ತೈತಿ" ಎನ್ನುತ್ತಾಳೆ ರೇಣುಕಾ.

ತಿರುಗಿ ನೋಡುವ ಆಸೆ ನನಗೂ ಇತ್ತು. ಅದು ಸಹಾಯ ಮಾಡುವ ಆಸೆಯೋ, ನನಗೆ ಗೊತ್ತು ಎಂದು ತೋರಿಸಿಕೊಳ್ಳುವ ಆಸೆಯೋ... ಈಗಲೂ ಖಚಿತವಿಲ್ಲ.

ಆಮೇಲೆ ರಬ್ಬರ್ ಉಜ್ಜುವ ಸದ್ದು. ಬಂದ ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡಿದ್ದಾಳೆ, ಹೊಂದಿಲ್ಲ, ಹಿಂದಕ್ಕೆ ಹೋಗಿ ತಪ್ಪಿದ ಮೈನಸ್ ಅನ್ನು ತಾನೇ ಹಿಡಿದಿದ್ದಾಳೆ.

ಅಲ್ಲಿಂದ ಪ್ರತಿ ಭಾನುವಾರ ಹೀಗೇ. ನಾನು ಯಾವಾಗ ತಿರುಗಬೇಕು, ಯಾವ ಪಾಠ ಮತ್ತೆ ಬೇಕು, ಯಾವುದು ಸಾಕು, ಎಲ್ಲ ಅವಳೇ ಹೇಳುತ್ತಿದ್ದಳು. ಅವಳು ಹೇಳಿದ ಹಾಗೆ ನಾನು ಕೇಳುತ್ತಿದ್ದೆ.

ಮೊನ್ನೆ ರಿಸಲ್ಟ್ ಬಂತು. ಊಟದ ಬಿಡುವಿನಲ್ಲಿ ಫ್ಯಾಕ್ಟರಿಯಿಂದಲೇ ಫೋನ್ ಮಾಡಿದಳು.

"ಪಾಸಾಗೀನ್ರಿ ಮೇಡಂ. ಪರೀಕ್ಷಾದಾಗ ಯಾರ ಮಾರಿನೂ ನೋಡ್ಲಿಲ್ಲ. ರೂಮಿನ್ಯಾಗ ಇದ್ದ ಸರ್‌ನ ಒಂದ್ಸಲ ನೋಡ್ದೆ, ಅವ್ರು ತೂಕಡಿಸಾಕತ್ತಿದ್ರು."

ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿದ್ದ ಆಫೀಸ್ ಕಾಲ್ ಅನ್ನು ಮ್ಯೂಟ್ ಮಾಡಿ ಜೋರಾಗಿ ನಕ್ಕೆ, ನಗುತ್ತಲೇ ಕಣ್ಣೊರೆಸಿಕೊಂಡೆ. ಈ ವಾರ ಅವಳು ಐಟಿಐಗೆ ಅರ್ಜಿ ಹಾಕುತ್ತಿದ್ದಾಳೆ.

ಉತ್ತರ ಗೊತ್ತಿದ್ದೂ ಸುಮ್ಮನೆ ಕೂರುವುದು ನನಗಿನ್ನೂ ಕಷ್ಟ... ನಿಮಗೆ?